ನಿಮ್ಮ ಬಾಲ್ಟಿಕ್ ಪ್ರವಾಸ ಕಥನದ ಕುರಿತು

ಮಾನ್ಯರೇ,

ನೀವು ಕಳುಹಿಸಿದ ‘ಬಾಲ್ಟಿಕ್ ಕಡಲ ಮಡಿಲಲ್ಲಿ’ ಎಂಬ ಪ್ರವಾಸ ಕಥನವನ್ನು ಆದ್ಯಂತ ಓದಿದ್ದೇನೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಸಾಧ್ಯವಿಲ್ಲವೆಂಬುದನ್ನು ಮೊದಲೇ ತಿಳಿಸಿಬಿಡುತ್ತೇನೆ. ಇಷ್ಟೇ ಹೇಳುವುದಿದ್ದರೆ ಎರಡು ಸಾಲಿನ ವಿಷಾದಪತ್ರ ಸಾಕಾಗುತ್ತಿತ್ತು. ಆದರೆ ಈ ಹಸ್ತಪ್ರತಿಯೊಳಗೆ ಒಂದು ಒಳ್ಳೆಯ ಬರಹವಿದೆ, ಅದನ್ನು ನೀವೇ ಮರೆಮಾಡಿದ್ದೀರಿ ಎಂದು ನನಗೆ ಅನ್ನಿಸಿದ್ದರಿಂದಲೂ, ಮುಲಾಜಿಲ್ಲದೆ ಅಭಿಪ್ರಾಯ ತಿಳಿಸಬೇಕೆಂದು ನೀವೇ ಕೇಳಿಕೊಂಡಿರುವುದರಿಂದಲೂ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತಿದ್ದೇನೆ.

ಬ್ಯಾಂಕಿನಿಂದ ನಿವೃತ್ತರಾದ ನೀವು, ಪ್ರೌಢಶಾಲಾ ಶಿಕ್ಷಕಿಯಾಗಿ ನಿವೃತ್ತರಾದ ನಿಮ್ಮ ಶ್ರೀಮತಿಯವರೊಡನೆ ಕೋಪನ್‌ಹೇಗನ್‌ನಲ್ಲಿ ಕ್ರೂಸ್ ಹಡಗು ಹತ್ತಿ, ಪೋಲೆಂಡಿನ ಗ್ದಾನ್ಸ್ಕ್, ಲಾಟ್ವಿಯಾದ ರಿಗಾ, ಫಿನ್‌ಲ್ಯಾಂಡಿನ ಹೆಲ್ಸಿಂಕಿ, ಎಸ್ಟೋನಿಯಾದ ಟಾಲಿನ್ ಮತ್ತು ಸ್ವೀಡನ್ನಿನ ಸ್ಟಾಕ್‌ಹೋಮ್ ನಗರಗಳನ್ನು ನೋಡಿಕೊಂಡು ಹೊರಟಲ್ಲಿಗೇ ಮರಳಿದ ಕಥೆಯಿದು. ಹಡಗು ರಾತ್ರಿ ಸಾಗುತ್ತದೆ, ಬೆಳಿಗ್ಗೆ ಒಂದು ಬಂದರಿನಲ್ಲಿ ಇಳಿಸುತ್ತದೆ, ಸಂಜೆಯೊಳಗೆ ಹತ್ತಿಸಿಕೊಳ್ಳುತ್ತದೆ. ಹೀಗಾಗಿ ಒಂದೊಂದು ನಗರಕ್ಕೂ ನಿಮಗೆ ಸಿಕ್ಕಿದ್ದು ಏಳೆಂಟು ಗಂಟೆ. ನಿಮ್ಮ ಬರಹದ ಮುಖ್ಯ ತೊಂದರೆ ಇಲ್ಲಿಯೇ ಇದೆ: ನೀವು ಎಂಟು ಗಂಟೆ ನೋಡಿ ಎಂಟುನೂರು ವರ್ಷ ಬರೆದಿದ್ದೀರಿ. ಪ್ರತಿ ಅಧ್ಯಾಯವೂ ನಗರದ ಸ್ಥಾಪನೆಯಿಂದ ಆರಂಭವಾಗಿ, ರಾಜರ ಹೆಸರುಗಳನ್ನು ದಾಟಿ, ನೀವಿಬ್ಬರೂ ಬಸ್ಸಿನಿಂದ ಇಳಿಯುವ ಹೊತ್ತಿಗೆ ಮುಗಿದೇ ಹೋಗುತ್ತದೆ. ಆ ಇತಿಹಾಸ ಓದುಗರಿಗೆ ಬೇರೆಡೆ ಸಿಗುತ್ತದೆ, ಆ ಏಳೆಂಟು ಗಂಟೆಗಳು ನಿಮ್ಮಲ್ಲಿ ಮಾತ್ರ ಇವೆ.

ಸಣ್ಣಪುಟ್ಟ ದೋಷಗಳನ್ನು ಬೇಗ ಮುಗಿಸುತ್ತೇನೆ. ಹಡಗಿನ ಬಫೆ, ಈಜುಕೊಳ, ರಾತ್ರಿಯ ನೃತ್ಯ ಪ್ರದರ್ಶನಗಳ ವಿವರಣೆಯನ್ನು ಪೂರ್ತಿ ತೆಗೆಯಬಹುದು. ಯಾವ ಕಡಲಿನ ಯಾವ ಕ್ರೂಸ್ ಹಡಗಿಗಾದರೂ ಅದು ಒಪ್ಪುತ್ತದೆ. ‘ನಯನಮನೋಹರ’, ‘ಸ್ವರ್ಗಸದೃಶ’, ‘ಮೈಮನ ಪುಳಕಿತ’ ಮುಂತಾದವುಗಳನ್ನು ಅಳಿಸಿದರೆ ಹಸ್ತಪ್ರತಿ ಎರಡು ಪುಟ ಕಡಿಮೆಯಾಗುತ್ತದೆ, ನಷ್ಟವೇನೂ ಆಗುವುದಿಲ್ಲ. ಒಂದು ಕಡೆ ಈ ದೇಶಗಳನ್ನು ಬಾಲ್ಕನ್ ದೇಶಗಳೆಂದು ಕರೆದಿದ್ದೀರಿ. ಬಾಲ್ಕನ್ ಇರುವುದು ಯುರೋಪಿನ ಆಗ್ನೇಯ ಮೂಲೆಯಲ್ಲಿ. ಹಡಗು ಗ್ದಾನ್ಸ್ಕ್‌ನಲ್ಲಿ ನಿಂತಿತೆಂದು ಬರೆದು, ಅಲ್ಲಿಂದ ಬಸ್ಸಿನಲ್ಲಿ ನಗರ ಸೇರಿದೆವು ಎಂದೂ ಬರೆದಿದ್ದೀರಿ. ಕರಪತ್ರದಲ್ಲಿ ಏನೇ ಇರಲಿ, ದೊಡ್ಡ ಕ್ರೂಸ್ ಹಡಗುಗಳು ಸಾಮಾನ್ಯವಾಗಿ ನಿಲ್ಲುವುದು ಪಕ್ಕದ ಗ್ದಿನ್ಯಾದಲ್ಲಿ. 1920ರ ದಶಕದಲ್ಲಿ ಪೋಲೆಂಡ್ ದೇಶವು ಮೀನುಗಾರರ ಹಳ್ಳಿಯೊಂದನ್ನು ಬೆಳೆಸಿ ಕಟ್ಟಿಕೊಂಡ ಬಂದರು ಅದು.

ರಿಗಾದ ಅಧ್ಯಾಯದಲ್ಲಿ ದೋಷ ಇನ್ನಷ್ಟು ದೊಡ್ಡದು. ‘ಹೌಸ್ ಆಫ್ ಬ್ಲ್ಯಾಕ್‌ಹೆಡ್ಸ್’ ಎಂಬ ವರ್ತಕರ ಭವನದ ಎದುರು ನಿಂತು, ಆರೂವರೆ ಶತಮಾನ ಅಲುಗದೆ ನಿಂತಿರುವ ಗೋಡೆಯನ್ನು ಮುಟ್ಟಿ ರೋಮಾಂಚನಗೊಂಡೆ ಎಂದು ಬರೆದಿದ್ದೀರಿ. ಆ ಭವನದ ಮೊದಲ ಉಲ್ಲೇಖ 1334ರದು ಎಂಬುದು ನಿಜ. ಆದರೆ 1941ರಲ್ಲಿ ಯುದ್ಧದ ದಾಳಿಗೆ ಅದು ನಾಶವಾಯಿತು, ಉಳಿದ ಅವಶೇಷಗಳನ್ನು 1948ರಲ್ಲಿ ಸೋವಿಯತ್ ಆಡಳಿತ ಕೆಡವಿಹಾಕಿತು, ಈಗಿರುವ ಕಟ್ಟಡವನ್ನು 1995ರಿಂದ 1999ರ ನಡುವೆ ಹೊಸದಾಗಿ ಕಟ್ಟಲಾಯಿತು. ನೀವು ಮುಟ್ಟಿದ ಗೋಡೆ ನೀವು ಬ್ಯಾಂಕಿಗೆ ಸೇರಿ ಬಹಳ ವರ್ಷಗಳಾದ ಮೇಲೆ ಎದ್ದದ್ದು. ದಾಖಲೆ ಪರಿಶೀಲಿಸದೆ ಒಂದು ಸಾಲದ ಅರ್ಜಿಗೂ ಸಹಿ ಹಾಕದಿದ್ದವರು ನೀವು; ಕಟ್ಟಡದ ವಯಸ್ಸಿಗೆ ಮಾತ್ರ ಏಕೆ ಹಾಗೆಯೇ ಸಹಿ ಹಾಕಿಬಿಟ್ಟಿರಿ? ಸತ್ಯವನ್ನು ಬರೆದಿದ್ದರೆ ನಿಮ್ಮ ಪ್ರಸಂಗಕ್ಕೆ ಬಲ ಬರುತ್ತಿತ್ತು, ಏಕೆಂದರೆ ಕಳೆದುಕೊಂಡ ಭವನವನ್ನು ಸ್ವಾತಂತ್ರ್ಯ ಮರಳಿ ಪಡೆದ ಕೆಲವೇ ವರ್ಷಗಳಲ್ಲಿ ಮತ್ತೆ ಎಬ್ಬಿಸಲು ಹೊರಟ ಊರಿನ ಹಟ, ಅಲುಗದೆ ನಿಂತ ಗೋಡೆಗಿಂತ ಹೆಚ್ಚು ಕುತೂಹಲಕರವಾದದ್ದು.

ಅದೇ ರಿಗಾದಲ್ಲಿ ನಿಮ್ಮ ಇಡೀ ಹಸ್ತಪ್ರತಿಯ ಅತ್ಯುತ್ತಮ ಭಾಗವೂ ಇದೆ. ಸೆಂಟ್ರಲ್ ಮಾರುಕಟ್ಟೆಯಲ್ಲಿ ಹೊಗೆಯಲ್ಲಿ ಒಣಗಿಸಿದ ಮೀನು ಮಾರುವ ಮಹಿಳೆಯೊಡನೆ ನಿಮ್ಮ ಶ್ರೀಮತಿಯವರು ಬೆರಳುಗಳ ಸನ್ನೆಯಲ್ಲೇ ಚೌಕಾಸಿ ಮಾಡಿದ್ದು, ಆಕೆ ಸೋತವಳಂತೆ ನಟಿಸಿ ಕೊನೆಗೆ ಒಂದು ಮೀನನ್ನು ಹೆಚ್ಚಿಗೆ ಹಾಕಿದ್ದು, ಸಸ್ಯಾಹಾರಿಯಾದ ನೀವು ಆ ಪೊಟ್ಟಣವನ್ನು ಹಿಡಿದುಕೊಂಡು ಹಡಗಿನವರೆಗೆ ನಡೆದದ್ದು. ಇಲ್ಲಿ ಒಂದು ವಿಶೇಷಣವೂ ಇಲ್ಲ. ಸೇರಿಸುವುದಿದ್ದರೆ ಒಂದೇ ವಾಕ್ಯ: ನಿಮ್ಮ ತಲೆಯ ಮೇಲಿದ್ದ ಆ ಭಾರೀ ಕಮಾನು ಚಾವಣಿಗಳು ಮೊದಲ ಮಹಾಯುದ್ಧದ ಕಾಲದ ಜರ್ಮನ್ ಜೆಪ್ಪೆಲಿನ್ ವಾಯುನೌಕೆಗಳ ಹ್ಯಾಂಗರುಗಳಿಂದ ತಂದವು, 1930ರಲ್ಲಿ ಆ ಮಾರುಕಟ್ಟೆ ತೆರೆಯಿತು.

ಗ್ದಾನ್ಸ್ಕ್ ಅಧ್ಯಾಯವನ್ನು ಓದಿ ನನಗೆ ನಿಜಕ್ಕೂ ಬೇಸರವಾಯಿತು. ಹಸ್ತಪ್ರತಿಯೊಂದಿಗೆ ಲಗತ್ತಿಸಿದ ಪರಿಚಯದಲ್ಲಿ ನೀವು ಬ್ಯಾಂಕ್ ನೌಕರರ ಸಂಘದ ಪದಾಧಿಕಾರಿಯಾಗಿದ್ದು ಮುಷ್ಕರಗಳಲ್ಲಿ ಭಾಗವಹಿಸಿದ್ದನ್ನು ಹೆಮ್ಮೆಯಿಂದ ಹೇಳಿಕೊಂಡಿದ್ದೀರಿ. ಅಂಥವರು ಗ್ದಾನ್ಸ್ಕ್‌ಗೆ ಹೋಗಿ, ಹಡಗುಕಟ್ಟೆಯ (ಹಡಗು ಕಟ್ಟುವ ಕಾರ್ಖಾನೆಯ) ಹತ್ತಿರ ‘ಬಸ್ಸಿನ ಕಿಟಕಿಯಿಂದ ಮೂರು ಎತ್ತರದ ಶಿಲುಬೆಗಳ ಸ್ಮಾರಕ ಕಂಡಿತು’ ಎಂಬ ಒಂದೇ ವಾಕ್ಯ ಬರೆದು, ಎರಡು ಪುಟಗಳನ್ನು ಅಂಬರ್ ಆಭರಣದ ಅಂಗಡಿಗೆ ಕೊಟ್ಟಿದ್ದೀರಿ! ಆ ಶಿಲುಬೆಗಳು 1970ರ ಡಿಸೆಂಬರಿನಲ್ಲಿ ಗುಂಡಿಗೆ ಬಲಿಯಾದ ಕಾರ್ಮಿಕರ ನೆನಪಿನವು. 1980ರ ಆಗಸ್ಟ್ 14ರಂದು ಅಲ್ಲಿನ ಹಡಗುಕಟ್ಟೆಯಲ್ಲಿ ಮುಷ್ಕರ ಆರಂಭವಾದದ್ದು ಅನ್ನಾ ವಾಲೆಂತಿನೋವಿಚ್ ಎಂಬ ಕ್ರೇನ್ ಚಾಲಕಿಯನ್ನು ನಿವೃತ್ತಿಗೆ ಕೆಲವೇ ತಿಂಗಳಿರುವಾಗ ಕೆಲಸದಿಂದ ತೆಗೆದದ್ದರಿಂದ. ಆಕೆಯನ್ನೂ, ಅದಕ್ಕೂ ಮೊದಲು ಕೆಲಸ ಕಳೆದುಕೊಂಡಿದ್ದ ಎಲೆಕ್ಟ್ರಿಷಿಯನ್ ಲೆಕ್ ವಲೇಸಾರನ್ನೂ ಮರಳಿ ಸೇರಿಸಿಕೊಳ್ಳಬೇಕೆಂಬ ಬೇಡಿಕೆ ಬೆಳೆದು, ಮರದ ಹಲಗೆಗಳ ಮೇಲೆ ಬರೆದು ಗೇಟಿಗೆ ನೇತುಹಾಕಿದ 21 ಬೇಡಿಕೆಗಳಾಯಿತು. ಆಗಸ್ಟ್ 31ರಂದು ಸರ್ಕಾರ ಒಪ್ಪಂದಕ್ಕೆ ಸಹಿ ಹಾಕಿತು. ‘ಸಾಲಿಡಾರಿಟಿ’ ಎಂಬ ಸ್ವತಂತ್ರ ಕಾರ್ಮಿಕ ಸಂಘಟನೆ ಹುಟ್ಟಿತು. ಆ ಪಟ್ಟಿಯಲ್ಲಿ ನಿವೃತ್ತಿಯ ವಯಸ್ಸನ್ನು ಮಹಿಳೆಯರಿಗೆ 50ಕ್ಕೂ ಪುರುಷರಿಗೆ 55ಕ್ಕೂ ಇಳಿಸಬೇಕೆಂಬ ಬೇಡಿಕೆಯೂ ಇತ್ತು. ನಿವೃತ್ತಿಯ ಹಣದಲ್ಲಿ ಹೊರಟ ಹಳೆಯ ಸಂಘಟಕನೊಬ್ಬ ಆ ಗೇಟಿನ ಮುಂದೆ ಹಾದುಹೋದರೆ ಅವನ ಮನಸ್ಸಿನಲ್ಲಿ ಏನೂ ಏಳಲಿಲ್ಲವೆಂದು ನಾನು ನಂಬಲಾರೆ. ಬಸ್ಸು ನಿಲ್ಲಲಿಲ್ಲವೇ? ನಿಲ್ಲಿಸಿ ಎಂದು ಕೇಳಲು ಸಂಕೋಚವಾಯಿತೇ? ಹಾಗಿದ್ದರೆ ಅದನ್ನೇ ಬರೆಯಿರಿ.

ಟಾಲಿನ್ ವಿಷಯದಲ್ಲಿ ನೀವು ಕಾಲವೇ ನಿಂತುಹೋದ ಊರು ಎಂದಿದ್ದೀರಿ. ನಿಮ್ಮ ಬರಹದಲ್ಲೇ ಇದಕ್ಕೆ ವಿರುದ್ಧವಾದ ಸಾಕ್ಷ್ಯವಿದೆ. ನಿಮ್ಮ ಗೈಡ್ ಹದಿಹರೆಯದಲ್ಲಿ ತನ್ನ ತಾಯಿಯ ಕೈಹಿಡಿದು ರಸ್ತೆಯ ಮೇಲೆ ನಿಂತಿದ್ದಳಂತೆ ಎಂದು ಅರ್ಧ ವಾಕ್ಯದಲ್ಲಿ ಹೇಳಿ, ಅವಳು ಹಸನ್ಮುಖಿ ಎಂಬ ಪ್ರಶಂಸೆಗೆ ಜಾರಿಬಿಟ್ಟಿದ್ದೀರಿ. ಅವಳು ನಿಂತಿದ್ದು 1989ರ ಆಗಸ್ಟ್ 23ರಂದು. ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾಗಳನ್ನು ಸೋವಿಯತ್ ಪಾಲಿಗೆ ಸೇರಿಸಿದ ಹಿಟ್ಲರ್–ಸ್ಟಾಲಿನ್ ಒಪ್ಪಂದಕ್ಕೆ ಅಂದು ಐವತ್ತು ವರ್ಷ ತುಂಬಿತ್ತು. ಟಾಲಿನ್‌ನಿಂದ ರಿಗಾ ಮೂಲಕ ಲಿಥುವೇನಿಯಾದ ವಿಲ್ನಿಯಸ್‌ವರೆಗೆ, 600 ಕಿಲೋಮೀಟರಿಗೂ ಉದ್ದಕ್ಕೆ, ಅಂದಾಜು ಇಪ್ಪತ್ತು ಲಕ್ಷ ಜನ ಕೈ ಕೈ ಹಿಡಿದು ನಿಂತಿದ್ದರು. ಆ ಸಾಲಿನಲ್ಲಿ ನಿಂತಿದ್ದವಳೊಡನೆ ನೀವು ಅರ್ಧ ದಿನ ನಡೆದಿದ್ದೀರಿ. ಅವಳು ಏನೆಂದಳು, ನೀವು ಏನು ಕೇಳಿದಿರಿ, ಇಷ್ಟು ಸಿಕ್ಕಿದರೆ ಪುರಭವನದ ಎತ್ತರವೂ ಚೌಕದ ಔಷಧಾಲಯದ ವಯಸ್ಸೂ ನನಗೆ ಬೇಡ.

ಟಾಲಿನ್‌ನದೇ ಇನ್ನೊಂದು ಸಂಗತಿಯನ್ನು ಹೇಳದಿರಲಾರೆ. ‘ಫ್ಯಾಟ್ ಮಾರ್ಗರೆಟ್’ ಎಂಬ ದಪ್ಪ ಬುರುಜಿನ ಬಳಿ ತೆಗೆದ, ನಡುವೆ ಮುರಿದ ಕಪ್ಪು ಕಮಾನಿನ ಚಿತ್ರಕ್ಕೆ ನೀವು ‘ಆಧುನಿಕ ಕಲೆಯ ವೈಚಿತ್ರ್ಯ’ ಎಂಬ ಅಡಿಬರಹ ಕೊಟ್ಟಿದ್ದೀರಿ. ಅದು ‘ಎಸ್ಟೋನಿಯಾ’ ಹಡಗಿನೊಂದಿಗೆ ಮುಳುಗಿದವರ ಸ್ಮಾರಕ. 1994ರ ಸೆಪ್ಟೆಂಬರ್ 27ರ ಸಂಜೆ ಟಾಲಿನ್‌ನಿಂದ ಸ್ಟಾಕ್‌ಹೋಮ್‌ಗೆ ಹೊರಟ ಆ ಹಡಗಿನ ಮುಂಭಾಗದ ಬಾಗಿಲು ಬಿರುಗಾಳಿಯಲ್ಲಿ ಕಿತ್ತುಹೋಗಿ, ಮಧ್ಯರಾತ್ರಿ ಕಳೆದ ಕೆಲವೇ ಹೊತ್ತಿನಲ್ಲಿ ಅದು ಮುಳುಗಿತು. 989 ಮಂದಿಯಲ್ಲಿ 852 ಮಂದಿ ಸತ್ತರು. ನೀವು ಆ ಚಿತ್ರ ತೆಗೆದ ದಿನದ ಸಂಜೆ ನಿಮ್ಮ ಹಡಗೂ ಟಾಲಿನ್‌ನಿಂದ ಸ್ಟಾಕ್‌ಹೋಮ್‌ಗೇ ಹೊರಟಿತು. ಆ ರಾತ್ರಿಯ ಬಗ್ಗೆ ನಿಮ್ಮ ಬರಹದಲ್ಲಿರುವುದು ಜಾದೂ ಪ್ರದರ್ಶನ ಮಾತ್ರ. ಗೊತ್ತಿಲ್ಲದೆ ಹೋದದ್ದರಲ್ಲಿ ತಪ್ಪೇನಿಲ್ಲ, ಆದರೆ ಅಡಿಬರಹವನ್ನು ಬದಲಿಸಲೇಬೇಕು. ಆ ಸ್ಮಾರಕದ ಕಲ್ಲಿನಲ್ಲಿ ಸತ್ತವರ ಹೆಸರುಗಳಿವೆ.

ಈಗ ನನಗೆ ಅತ್ಯಂತ ಇಷ್ಟವಾದ ಜಾಗಕ್ಕೆ ಬರುತ್ತೇನೆ. ಹೆಲ್ಸಿಂಕಿಯ ಎದುರಿನ ಸುವೊಮೆನ್‌ಲಿನ್ನಾ ಕೋಟೆಯ ಬಂಡೆಗಳ ಮೇಲೆ ಕುಳಿತಿದ್ದಾಗ ನಿಮ್ಮ ಶ್ರೀಮತಿಯವರು ಕಡಲ ನೀರನ್ನು ಬೆರಳಿನಲ್ಲಿ ಮುಟ್ಟಿ ನಾಲಿಗೆಗಿಟ್ಟು, ‘ಇದು ಸಪ್ಪೆ, ಬಂಡೆಯ ಮೇಲೆ ಉಬ್ಬರ ಇಳಿತದ ಗುರುತೂ ಇಲ್ಲ, ಇದೆಂಥ ಸಮುದ್ರ’ ಎಂದರಂತೆ. ನೀವು ‘ನನ್ನವಳ ಮುಗ್ಧ ಪ್ರಶ್ನೆಗೆ ನಗು ಬಂತು’ ಎಂದು ಬರೆದು ಮುಂದೆ ಹೋಗಿದ್ದೀರಿ. ಅವರು ಹುಟ್ಟಿ ಬೆಳೆದದ್ದು ಹೊನ್ನಾವರದ ಕಡಲ ತೀರದಲ್ಲಿ ಎಂದು ಬೇರೊಂದು ಕಡೆ ನೀವೇ ತಿಳಿಸಿದ್ದೀರಿ. ದಿನಕ್ಕೆರಡು ಸಲ ನೀರು ಏರಿ ಇಳಿಯುವುದನ್ನು ನೋಡಿದವರ ಪ್ರಶ್ನೆಯಲ್ಲಿ ಮುಗ್ಧತೆ ಏನಿದೆ? ಸಾಗರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿದ್ದರೆ ಹೆಲ್ಸಿಂಕಿ, ಸ್ಟಾಕ್‌ಹೋಮ್ ಆಸುಪಾಸಿನ ಬಾಲ್ಟಿಕ್‌ನಲ್ಲಿ ಐದಾರು ಗ್ರಾಂ ಮಾತ್ರ. ಅಸಂಖ್ಯ ನದಿಗಳು ಸಿಹಿನೀರನ್ನು ತಂದು ಸುರಿಯುತ್ತವೆ, ಹೊರಸಾಗರದ ಉಪ್ಪುನೀರು ಒಳಬರಲು ಇರುವುದು ಡೆನ್ಮಾರ್ಕ್ ಪಕ್ಕದ ಕಿರಿದಾದ ಜಲಸಂಧಿಗಳು ಮಾತ್ರ. ಅದೇ ಕಾರಣದಿಂದ ಉಬ್ಬರವೂ ಒಳಕ್ಕೆ ತಲುಪುವುದಿಲ್ಲ.

ಮುಂದೆ ಸ್ಟಾಕ್‌ಹೋಮ್‌ನಲ್ಲಿ ನೀವಿಬ್ಬರೂ ವಾಸಾ ಮ್ಯೂಸಿಯಂಗೆ ಹೋಗಿದ್ದೀರಿ. 1628ರ ಆಗಸ್ಟ್ 10ರಂದು ಮೊದಲ ಯಾನದಲ್ಲೇ, ಒಂದೂವರೆ ಕಿಲೋಮೀಟರನ್ನೂ ಸಾಗದೆ ಮುಳುಗಿ, 1961ರಲ್ಲಿ ಮೇಲೆತ್ತಲ್ಪಟ್ಟ ಯುದ್ಧನೌಕೆ ಅದು. ಮರದ ಹಡಗು 333 ವರ್ಷ ನೀರಿನಡಿ ಹೇಗೆ ಉಳಿಯಿತೆಂದು ‘ಸ್ವೀಡನ್ನರ ತಂತ್ರಜ್ಞಾನ’ಕ್ಕೆ ನೀವು ಕೈಮುಗಿದಿದ್ದೀರಿ. ಮೇಲೆತ್ತಿದ ನಂತರ ಹದಿನೇಳು ವರ್ಷ ರಾಸಾಯನಿಕ ಸಿಂಪಡಿಸಿ ಅದನ್ನು ಕಾಪಾಡಿದ್ದು ತಂತ್ರಜ್ಞಾನವೇ. ಆದರೆ ಅಲ್ಲಿಯವರೆಗೆ ಕಾಪಾಡಿದ್ದರಲ್ಲಿ ದೊಡ್ಡ ಪಾಲು ನಿಮ್ಮ ಶ್ರೀಮತಿಯವರು ರುಚಿ ನೋಡಿದ ಆ ಸಪ್ಪೆ ನೀರಿನದು. ಬೆಚ್ಚನೆಯ ಉಪ್ಪುನೀರಿನಲ್ಲಿ ಮರವನ್ನು ಕೊರೆದು ತಿನ್ನುವ ಹಡಗುಹುಳು ಇಷ್ಟು ಕಡಿಮೆ ಉಪ್ಪಿನಲ್ಲಿ ಬದುಕುವುದಿಲ್ಲ. ನಮ್ಮ ಕರಾವಳಿಯಲ್ಲಿ ಮರದ ದೋಣಿಗೆ ಮೀನೆಣ್ಣೆ ಬಳಿಯುವುದನ್ನು ಕಂಡವರಿಗೆ ಇದರ ಮಹತ್ವ ತಟ್ಟನೆ ಹೊಳೆಯುತ್ತದೆ. 1956ರಲ್ಲಿ ವಾಸಾವನ್ನು ಪತ್ತೆಹಚ್ಚಿದ ಆಂಡರ್ಸ್ ಫ್ರಾನ್ಸೆನ್ ಹೊರಟದ್ದೂ ಇದೇ ತರ್ಕದಿಂದ: ಹುಳುವಿಲ್ಲದ ಕಡಲಿನಲ್ಲಿ ಹಳೆಯ ಹಡಗುಗಳು ಹಾಗೆಯೇ ಇರಬೇಕು. ನಿಮ್ಮ ಹಸ್ತಪ್ರತಿಯಲ್ಲಿ ಒಂದು ಅಧ್ಯಾಯದಲ್ಲಿ ನೀರಿದೆ, ಇನ್ನೊಂದರಲ್ಲಿ ಹಡಗಿದೆ, ನಡುವೆ ಐದು ಪುಟ ಬಫೆ. ಅವೆರಡನ್ನೂ ಜೋಡಿಸಿದರೆ ಅದೇ ನಿಮ್ಮ ಲೇಖನ.

ಸ್ಟಾಕ್‌ಹೋಮ್ ಬಿಟ್ಟು ಮುಂದೆ ಹೋಗುವ ಮೊದಲು ಇನ್ನೊಂದು ಪ್ರಶ್ನೆ. ವಾಸಾವನ್ನು ಅರ್ಧ ಗಂಟೆಯೂ ನೋಡದೆ ಹಡಗು ತಪ್ಪೀತೆಂದು ಮೊಣಕಾಲು ನೋವಿನಲ್ಲೇ ಓಡಿಬಂದಿರಿ ಎಂದು ಒಂದು ಕಡೆ ಇದೆ. ಟರ್ಮಿನಲ್‌ನಲ್ಲಿ ಒಂದು ಗಂಟೆ ಸುಮ್ಮನೆ ಕುಳಿತೆವು, ‘ಸಣ್ಣ ಗೊಂದಲವಾಗಿತ್ತು’ ಎಂದು ಮುಂದಿನ ಪುಟದಲ್ಲಿದೆ. ಎಸ್ಟೋನಿಯಾ, ಫಿನ್‌ಲ್ಯಾಂಡ್, ಲಾಟ್ವಿಯಾಗಳ ಗಡಿಯಾರ ಸ್ವೀಡನ್, ಪೋಲೆಂಡ್‌ಗಳಿಗಿಂತ ಒಂದು ಗಂಟೆ ಮುಂದೆ. ಯಾರ ಕೈಗಡಿಯಾರ ಟಾಲಿನ್ ವೇಳೆಯಲ್ಲೇ ಉಳಿದಿತ್ತೆಂದು ನಾನು ಊಹಿಸಬಲ್ಲೆ, ಆ ಒಂದು ಗಂಟೆ ನಿಮ್ಮಿಬ್ಬರ ನಡುವೆ ಏನು ಮಾತು ನಡೆಯಿತೆಂದೂ ಸ್ವಲ್ಪಮಟ್ಟಿಗೆ ಊಹಿಸಬಲ್ಲೆ. ಮೂವತ್ತೈದು ವರ್ಷ ಸಂಸಾರ ಮಾಡಿದ ಇಬ್ಬರು ಜೀವಮಾನದ ಉಳಿತಾಯ ಹಾಕಿ ಹೋದ ಪ್ರವಾಸದಲ್ಲಿ ಜಗಳವೇ ಆಡಲಿಲ್ಲವೆಂದರೆ ಓದುಗರು ಉಳಿದದ್ದನ್ನೂ ನಂಬುವುದಿಲ್ಲ.

ಸೇಂಟ್ ಪೀಟರ್ಸ್‌ಬರ್ಗ್ ಅಧ್ಯಾಯ ಪೂರ್ತಿ ಹೋಗಬೇಕು. ನಿಮ್ಮ ಹಡಗು ಅಲ್ಲಿಗೆ ಹೋಗಿಲ್ಲ. 2022ರಲ್ಲಿ ಯುಕ್ರೇನ್ ಯುದ್ಧ ಆರಂಭವಾದ ಮೇಲೆ ಪಾಶ್ಚಾತ್ಯ ಕ್ರೂಸ್ ಕಂಪನಿಗಳು ಆ ಬಂದರನ್ನು ಕೈಬಿಟ್ಟಿವೆ. ನೋಡದ ಅರಮನೆಯನ್ನು ಬೇರೆಯವರ ಬರಹದಿಂದ ಎತ್ತಿ ವರ್ಣಿಸುವುದು ನಿಮಗೂ ಗೌರವವಲ್ಲ, ನಮಗೂ ಅಲ್ಲ. ಒಂದು ಕಾಲಕ್ಕೆ ಈ ಯಾನದ ಮುಖ್ಯ ಆಕರ್ಷಣೆಯೇ ಆಗಿದ್ದ ನಗರ ಈಗ ನಕ್ಷೆಯಿಂದ ಹೊರಗುಳಿದಿರುವುದನ್ನು ಎರಡು ಸಾಲಿನಲ್ಲಿ ಹೇಳಿದರೆ ಸಾಕು.

ಪರಿಷ್ಕರಿಸುವುದಾದರೆ ಐದೂ ಬಂದರುಗಳನ್ನು ಸಮನಾಗಿ ಹಂಚಬೇಡಿ. ಗ್ದಾನ್ಸ್ಕ್ ಮತ್ತು ಸ್ಟಾಕ್‌ಹೋಮ್‌ಗೆ ಹೆಚ್ಚಿನ ಜಾಗ ಕೊಡಿ, ರಿಗಾ ಮಾರುಕಟ್ಟೆಯನ್ನು ಮುಟ್ಟಬೇಡಿ, ಕೋಪನ್‌ಹೇಗನ್‌ನ ಮತ್ಸ್ಯಕನ್ಯೆಯ ಪ್ರತಿಮೆಯನ್ನು ಬಿಟ್ಟುಬಿಡಿ. ಎರಡು ಸಾವಿರ ಪದಗಳ ಒಳಗಿರಲಿ. ಚಿತ್ರಗಳಲ್ಲಿ ಮುರಿದ ಕಮಾನಿನದು ಮತ್ತು ಮೀನು ಮಾರುವ ಮಹಿಳೆಯದು ಬೇಕು. ಎರಡನೆಯದಕ್ಕೆ ಆಕೆಯ ಒಪ್ಪಿಗೆ ಪಡೆದಿದ್ದಿರಾ ಎಂಬುದನ್ನು ತಿಳಿಸಿ. ನಿಮ್ಮ ಶ್ರೀಮತಿಯವರು ಪ್ರವಾಸದುದ್ದಕ್ಕೂ ನೋಟ್‌ಪುಸ್ತಕದಲ್ಲಿ ಏನೋ ಗೀಚುತ್ತಿದ್ದರೆಂದು ಒಂದು ಕಡೆ ಬರೆದಿದ್ದೀರಿ. ಅದನ್ನು ಕೇಳಿ ಓದಿ. ಸುವೊಮೆನ್‌ಲಿನ್ನಾ ಭಾಗವನ್ನು ಅವರೇ ಬರೆದುಕೊಟ್ಟರೆ ಇನ್ನೂ ಒಳ್ಳೆಯದು. ಲೇಖನ ಇಬ್ಬರ ಹೆಸರಿನಲ್ಲಿ ಬರುವುದಕ್ಕೆ ನಮ್ಮ ಅಭ್ಯಂತರವಿಲ್ಲ, ಗೌರವಧನವನ್ನು ಹೇಗೆ ಹಂಚಿಕೊಳ್ಳುತ್ತೀರೆಂಬುದು ನಿಮಗೆ ಬಿಟ್ಟದ್ದು.

ಇತಿ,
ಸಂಪಾದಕ