ರಾಮೇಶ್ವರ: ಸ್ಫಟಿಕ ಲಿಂಗ ಮೊದಲೋ, ತೀರ್ಥಸ್ನಾನ ಮೊದಲೋ?

ವಯಸ್ಸಾದ ತಾಯಿಯವರ ಜೊತೆ ಸ್ಫಟಿಕ ಲಿಂಗ ದರ್ಶನ, ತೀರ್ಥಸ್ನಾನ ಎರಡೂ ಒಂದೇ ಬೆಳಿಗ್ಗೆ ಆಗುತ್ತಾ ಅಂತ ಕೇಳಿದ್ದೀರಿ. ಆಗುತ್ತೆ, ಕ್ರಮ ತಪ್ಪಬಾರದು ಅಷ್ಟೆ.

ರಾಮನಾಥಸ್ವಾಮಿ ದೇವಸ್ಥಾನದ ಸ್ಫಟಿಕ ಲಿಂಗ ಕಾಣುವುದು ಬೆಳಗಿನ ಜಾವ 5ರಿಂದ 6ರ ತನಕ. ರೂಮಿನಲ್ಲೇ ಸ್ನಾನ ಮುಗಿಸಿ, ಒಣ ಬಟ್ಟೆಯಲ್ಲಿ 4:30ಕ್ಕೇ ಸಾಲಿಗೆ ನಿಲ್ಲಿ. ಮೊಬೈಲ್ ರೂಮಲ್ಲೇ ಬಿಡಿ, ಒಳಗೆ ಬಿಡಲ್ಲ.

ಆಮೇಲೆ ಪೂರ್ವ ಗೋಪುರದ ಎದುರಿನ ಅಗ್ನಿತೀರ್ಥ, ಅಂದರೆ ಸಮುದ್ರಸ್ನಾನ. ಅಲ್ಲಿಂದ ಒದ್ದೆ ಬಟ್ಟೆಯಲ್ಲೇ ದೇವಸ್ಥಾನದೊಳಗಿನ 22 ತೀರ್ಥಗಳಿಗೆ, ಅಂದರೆ ನೀರು ಸೇದಿ ತಲೆಗೆ ಸುರಿಯುವ ಬಾವಿ-ಕೊಳಗಳಿಗೆ. ಟಿಕೆಟ್ ಕೌಂಟರಲ್ಲೇ ತಗೊಳ್ಳಿ; ಹೊರಗೆ 'ಬೇಗ ಮಾಡಿಸ್ತೀನಿ' ಅನ್ನುವವರಿಗೆ ದುಡ್ಡು ಕೊಡಬೇಡಿ. ನೀರು ಚೆಲ್ಲಿ ಚೆಲ್ಲಿ ಕಲ್ಲುಹಾಸು ವಿಪರೀತ ಜಾರುತ್ತೆ, ಒದ್ದೆ ಸೀರೆ ಬೇರೆ ಕಾಲಿಗೆ ಸುತ್ತಿಕೊಳ್ಳುತ್ತೆ. ಅಮ್ಮನಿಗೆ ತಲೆಗೆ ಪ್ರೋಕ್ಷಣೆ ಸಾಕು ಅಂತ ನನ್ನ ಅಭಿಪ್ರಾಯ.

ಒದ್ದೆ ಬಟ್ಟೆಯಲ್ಲಿ ಗರ್ಭಗುಡಿ ಕಡೆ ಬಿಡುವುದಿಲ್ಲ. ರಾಮನಾಥಸ್ವಾಮಿ ದರ್ಶನಕ್ಕೆ ಇನ್ನೊಂದು ಜೊತೆ ಬಟ್ಟೆ ಬೇಕೇ ಬೇಕು.