30 ಆಂಪಿಯರ್ ಫ್ಯೂಸ್ ಹಾಕಬೇಡಿ: ಕಾರಿನ ಇನ್ವರ್ಟರ್ ಬಗ್ಗೆ ಓದುಗರ ಪ್ರಶ್ನೆಗಳಿಗೆ ಉತ್ತರ

ಬೇಸಿಗೆ ರಜೆ ಹತ್ತಿರ ಬಂದರೆ ಸಾಕು, ಇವೇ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಕಾರಿನ ಬ್ಯಾಟರಿಯ 12 ವೋಲ್ಟ್ ಇನ್ವರ್ಟರ್ ಒಳಗೆ ಹೇಗೆ ಮನೆ ಕರೆಂಟಿನ 230 ಆಗುತ್ತದೆ ಎಂದು ಇಲ್ಲಿ ವಿವರಿಸುವುದಿಲ್ಲ. ಅದು ಬೇಕಿದ್ದವರು ಇನ್ವರ್ಟರ್ ಜೊತೆ ಕೊಟ್ಟ ಕೈಪಿಡಿ ಓದಿಕೊಳ್ಳಿ. ಮೊದಲ ಪ್ರಶ್ನೆಗೇ ಬಹುಪಾಲು ಜಾಗ ಕೊಟ್ಟಿದ್ದೇನೆ. ಅದರಲ್ಲಿರುವ ಅಂಗಡಿಯವರ ಸಲಹೆಯನ್ನು ಪಾಲಿಸಿದರೆ ಕಾರಿಗೆ ಬೆಂಕಿ ಬೀಳಬಹುದು.

ಪ್ರಶ್ನೆ: ನಮ್ಮದು ಸಣ್ಣ ಪೆಟ್ರೋಲ್ ಕಾರು. 500 ವ್ಯಾಟ್ ಇನ್ವರ್ಟರ್ ತಂದಿದ್ದೇವೆ. ಲ್ಯಾಪ್‌ಟಾಪ್ ಚಾರ್ಜ್ ಆಗುತ್ತದೆ. 350 ವ್ಯಾಟ್‌ನ ಪುಟ್ಟ ರೈಸ್ ಕುಕ್ಕರ್ ಹಾಕಿದರೆ ಮಾತ್ರ ಸಿಗರೇಟ್ ಸಾಕೆಟ್‌ನ ಫ್ಯೂಸ್ ಹೋಗುತ್ತದೆ. ಆಕ್ಸೆಸರೀಸ್ ಅಂಗಡಿಯವರು 15 ತೆಗೆದು 30 ಆಂಪಿಯರ್ ಹಾಕಿಕೊಳ್ಳಿ ಅಂದರು. ಹಾಕಲೇ? (ಹುಬ್ಬಳ್ಳಿ)

ಹಾಕಬೇಡಿ. ಹಾಗೆ ಹೇಳಿದ ಅಂಗಡಿಯಲ್ಲಿ ಕಾರಿನ ಯಾವ ವೈರಿಂಗ್ ಕೆಲಸವನ್ನೂ ಮಾಡಿಸಬೇಡಿ.

ನಿಮ್ಮ ಕುಕ್ಕರ್ ಮನೆಯಲ್ಲಿ ಎಳೆಯುವುದು ಒಂದೂವರೆ ಆಂಪಿಯರ್. ಅದಕ್ಕೇ ಅದು ಚಿಕ್ಕ ಸಾಮಾನು ಅನ್ನಿಸುತ್ತದೆ. ಕಾರಿನಲ್ಲಿ ಲೆಕ್ಕವೇ ಬೇರೆ. ವ್ಯಾಟ್ ಅಂಕಿಯಲ್ಲಿ ಒಂದು ಸೊನ್ನೆ ತೆಗೆಯಿರಿ, ಬ್ಯಾಟರಿ ಕಡೆಯ ಆಂಪಿಯರ್ ಹೆಚ್ಚುಕಡಿಮೆ ಅಷ್ಟೇ. ಇನ್ವರ್ಟರ್ ಒಳಗೆ ಶೇ 10–15 ಶಾಖವಾಗಿ ಹೋಗುವುದೂ ಈ ಲೆಕ್ಕದಲ್ಲೇ ಸೇರಿದೆ. 350 ವ್ಯಾಟ್ ಅಂದರೆ 35 ಆಂಪಿಯರ್. ಸಾಕೆಟ್‌ನ ಮುಚ್ಚಳದ ಮೇಲೆ 120 ವ್ಯಾಟ್ ಅಥವಾ 180 ವ್ಯಾಟ್ ಎಂದು ಬರೆದಿರುತ್ತದೆ, ನೋಡಿ. ಡ್ಯಾಶ್‌ಬೋರ್ಡ್ ಹಿಂದಿನ ವೈರನ್ನು ಕಂಪನಿ ಅಷ್ಟಕ್ಕೇ ಹಾಕಿರುವುದು.

ಫ್ಯೂಸ್ ಇರುವುದು ನಿಮ್ಮ ಕುಕ್ಕರ್ ಕಾಪಾಡಲು ಅಲ್ಲ, ಆ ವೈರ್ ಕಾಪಾಡಲು. 30 ಹಾಕಿದಿರಿ ಅನ್ನಿ, 35 ಆಂಪಿಯರ್ ಹರಿದರೂ ಅದು ತಕ್ಷಣ ಹೋಗುವುದಿಲ್ಲ. ಕಾರಿನಲ್ಲಿರುವ ಚಪ್ಪಟೆ ಕಾಲಿನ ಬ್ಲೇಡ್ ಫ್ಯೂಸ್ ತನ್ನ ಅಂಕಿಗಿಂತ ಶೇ 10 ಹೆಚ್ಚು ಹರಿದರೆ ಗಂಟೆಗಟ್ಟಲೆ ತಡೆಯುತ್ತದೆ, ಶೇ 35 ಹೆಚ್ಚಾದರೂ ಹಲವು ನಿಮಿಷ ನಿಲ್ಲಬಹುದು. ಅಷ್ಟು ಹೊತ್ತೂ ಫ್ಯೂಸ್ ಹೋಗುವ ಬದಲು ವೈರೇ ಬಿಸಿಯಾಗುತ್ತಿರುತ್ತದೆ, ಅದೂ ಕಾರ್ಪೆಟ್ ಮತ್ತು ಪ್ಲಾಸ್ಟಿಕ್ ಮಧ್ಯೆ. ಸಾಕೆಟ್ ಕಥೆ ಇನ್ನೂ ಕೆಟ್ಟದು. ಪ್ಲಗ್ಗಿನ ತುದಿ ಸ್ಪ್ರಿಂಗ್ ಒತ್ತಡದಲ್ಲಿ ತಾಗಿಕೊಂಡಿರುತ್ತದೆ, ಅಷ್ಟೇ. ಅಲ್ಲಿ 0.02 ಓಮ್ ಪ್ರತಿರೋಧ ಇದ್ದರೂ 35 ಆಂಪಿಯರ್‌ಗೆ ಸುಮಾರು 25 ವ್ಯಾಟ್ ಶಾಖ ಹುಟ್ಟುತ್ತದೆ. 25 ವ್ಯಾಟ್‌ನ ಸೋಲ್ಡರಿಂಗ್ ಐರನ್ ಎಷ್ಟು ಕಾಯುತ್ತದೆ ಎಂದು ಗೊತ್ತಿದ್ದವರಿಗೆ ಮುಂದಿನದನ್ನು ಹೇಳಬೇಕಿಲ್ಲ. ಫ್ಯೂಸಿಗೆ ಸಿಲ್ವರ್ ಪೇಪರ್ ಸುತ್ತುವವರೂ, ತಾಮ್ರದ ಎಳೆ ಕಟ್ಟುವವರೂ ಇದನ್ನೇ ಓದಿಕೊಳ್ಳಿ.

100–120 ವ್ಯಾಟ್ ದಾಟುವ ಯಾವುದೇ ಸಾಮಾನಿಗೆ ಇನ್ವರ್ಟರನ್ನು ನೇರ ಬ್ಯಾಟರಿಗೆ ಜೋಡಿಸಬೇಕು. ನಿಮ್ಮ 500 ವ್ಯಾಟ್‌ಗೆ 16 ಚದರ ಮಿ.ಮೀ.ನ ಬಹು ಎಳೆಯ ತಾಮ್ರದ ಕೇಬಲ್ ಬೇಕು. ಅಂಗಡಿಯಲ್ಲಿ ‘16 ಸ್ಕ್ವೇರ್’ ಎಂದು ಕೇಳಿ. ಒಂದೊಂದು ಕಡೆಗೆ 2 ಮೀಟರ್ ಮೀರದಿರಲಿ. ಪಾಸಿಟಿವ್ ಟರ್ಮಿನಲ್‌ನಿಂದ ಒಂದು ಗೇಣಿನೊಳಗೆ 60 ಆಂಪಿಯರ್‌ನ ಮಿಡಿ ಅಥವಾ ಎಎನ್‌ಎಲ್ ಫ್ಯೂಸ್ (ಬೋಲ್ಟ್ ಹಾಕಿ ಬಿಗಿಯುವ ದೊಡ್ಡ ಫ್ಯೂಸ್) ಕೂರಿಸಿ. ಫ್ಯೂಸನ್ನು ಇನ್ವರ್ಟರ್ ಪಕ್ಕ ಹಾಕಿಕೊಡುವವರಿದ್ದಾರೆ. ಮಧ್ಯದ ಕೇಬಲ್ ಸವೆದು ಕಾರಿನ ತಗಡಿಗೆ ತಾಗಿದರೆ ಆ ಫ್ಯೂಸ್ ಯಾವ ಕೆಲಸಕ್ಕೂ ಬರುವುದಿಲ್ಲ. ತುದಿಗಳಿಗೆ ತಾಮ್ರದ ಲಗ್ (ಬೋಲ್ಟ್‌ಗೆ ಸಿಕ್ಕಿಸುವ ಬಳೆ) ಹಾಕಿ ಕ್ರಿಂಪ್ ಮಾಡಿಸಿ, ಅಂದರೆ ಇಕ್ಕಳದಿಂದ ಒತ್ತಿಸಿ, ವೈರ್ ತಿರುಚಿ ಟೇಪ್ ಸುತ್ತಬೇಡಿ. ಎಂಜಿನ್ ಕಡೆಯಿಂದ ಕೇಬಲ್ ಒಳಗೆ ಬರುವ ತೂತಿಗೆ ರಬ್ಬರ್ ಗ್ರೊಮೆಟ್ (ತೂತಿನ ಅಂಚಿಗೆ ಕೂರುವ ಬಳೆ) ಇರಲೇಬೇಕು, ಇಲ್ಲದಿದ್ದರೆ ತಗಡಿನ ಅಂಚು ಕೆಲವೇ ತಿಂಗಳಲ್ಲಿ ಇನ್ಸುಲೇಶನ್ ಕೊಯ್ಯುತ್ತದೆ.

ನೆಗೆಟಿವ್ ಬಗ್ಗೆ ಒಂದು ಎಚ್ಚರಿಕೆ. ಈಗಿನ ಎಷ್ಟೋ ಕಾರುಗಳಲ್ಲಿ ಬ್ಯಾಟರಿಯ ನೆಗೆಟಿವ್ ಕ್ಲಾಂಪ್ ಮೇಲೆ ಪುಟ್ಟ ಕರೆಂಟ್ ಸೆನ್ಸರ್ ಇದೆ. ಇನ್ವರ್ಟರ್ ನೆಗೆಟಿವ್ ಅನ್ನು ನೇರ ಬ್ಯಾಟರಿ ಪೋಸ್ಟ್‌ಗೆ ಕೊಟ್ಟರೆ ಇನ್ವರ್ಟರ್ ಎಳೆಯುವ ಕರೆಂಟು ಆ ಸೆನ್ಸರ್‌ನ ಕಣ್ಣಿಗೆ ಬೀಳದು, ಚಾರ್ಜಿಂಗ್ ಲೆಕ್ಕ ತಪ್ಪುತ್ತದೆ. ಅಂಥ ಕಾರಿನಲ್ಲಿ ಕಂಪನಿಯೇ ಕೊಟ್ಟ ಬಾಡಿ ಅರ್ಥ್ ಬೋಲ್ಟ್‌ಗೆ (ಕಾರಿನ ತಗಡಿಗೆ ನೆಗೆಟಿವ್ ಜೋಡಿಸುವ ಜಾಗ) ಜೋಡಿಸಿ. ಉಳಿದ ಜೋಡಣೆಯೆಲ್ಲ ಮುಗಿದ ಮೇಲೆ ಕೊನೆಯಲ್ಲಿ ಫ್ಯೂಸ್ ಹಾಕಿ. ಪ್ಲಸ್ ಮೈನಸ್ ಅದಲುಬದಲಾದರೆ ಇನ್ವರ್ಟರ್ ಒಳಗಿನ ಮಾಸ್‌ಫೆಟ್‌ಗಳು (ಸ್ವಿಚ್‌ನಂತೆ ಕೆಲಸ ಮಾಡುವ ಟ್ರಾನ್ಸಿಸ್ಟರ್‌ಗಳು) ಆ ಕ್ಷಣವೇ ಸುಡುತ್ತವೆ, ಅದಕ್ಕೆ ವಾರಂಟಿ ಸಿಗುವುದಿಲ್ಲ.

ಕೆಲಸ ಸರಿಯಾಗಿದೆಯೇ ಎಂದು ಲೋಡ್ ಹಾಕಿ ನೋಡಿ. ಬ್ಯಾಟರಿ ಟರ್ಮಿನಲ್‌ನಲ್ಲಿ ಒಮ್ಮೆ, ಇನ್ವರ್ಟರ್ ಟರ್ಮಿನಲ್‌ನಲ್ಲಿ ಒಮ್ಮೆ ವೋಲ್ಟ್ ಅಳೆಯಿರಿ. 0.3 ವೋಲ್ಟ್‌ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಎಲ್ಲೋ ಜಾಯಿಂಟ್ ಕೆಟ್ಟಿದೆ ಅಥವಾ ಕೇಬಲ್ ಸಣ್ಣದಾಗಿದೆ. ‘ಬ್ಯಾಟರಿ ಹೊಸದು, ಆದರೂ ಇನ್ವರ್ಟರ್ ಬೀಪ್ ಅನ್ನುತ್ತದೆ’ ಎಂದು ಬರೆದ ಎಲ್ಲರಿಗೂ ಉತ್ತರ ಇದೇ. ಮನೆ ವೈರಿಂಗ್‌ನಲ್ಲಿ ಉಳಿದ 2.5 ಸ್ಕ್ವೇರ್ ವೈರನ್ನು ಮೂರು ಮೀಟರ್ ಎಳೆದು ತಂದರೆ, ಹೋಗಿಬರುವ ದಾರಿಯಲ್ಲಿ 35 ಆಂಪಿಯರ್‌ಗೆ ಸುಮಾರು 1.4 ವೋಲ್ಟ್ ಕಳೆದುಹೋಗುತ್ತದೆ. ಬ್ಯಾಟರಿಯಲ್ಲಿ 12 ಇದ್ದರೂ ಇನ್ವರ್ಟರ್‌ಗೆ 10.6 ಕಾಣುತ್ತದೆ, ಕೂಗುತ್ತದೆ. ಆ ಬೀಪ್ ಕೇಳಿ ಹೊಸ ಬ್ಯಾಟರಿ ಕೊಳ್ಳಬೇಡಿ.

ಇಷ್ಟೆಲ್ಲ ಮಾಡಿದ ಮೇಲೂ ಅನ್ನ ಬೇಯಿಸಬಹುದೇ? ನನ್ನ ಉತ್ತರ ಬೇಡ ಎಂದೇ. ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಸಾಮಾನ್ಯವಾಗಿ 35 ಎಎಚ್ (ಆಂಪಿಯರ್ ಅವರ್, ಅಂದರೆ ಆಂಪಿಯರ್ ಗುಣಿಸು ಗಂಟೆ) ಬ್ಯಾಟರಿ ಇರುತ್ತದೆ. ಅದು ಎಂಜಿನ್ ಸ್ಟಾರ್ಟ್ ಮಾಡಲೆಂದೇ ಮಾಡಿದ, ತೆಳು ಪ್ಲೇಟ್‌ಗಳ ಬ್ಯಾಟರಿ. ಎಂಜಿನ್ ನಿಲ್ಲಿಸಿ 35 ಆಂಪಿಯರ್ ಎಳೆದರೆ ಅನ್ನ ಆಗುವ ಅರ್ಧ ಗಂಟೆಯೊಳಗೇ ಅದು ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಊಟ ಮುಗಿಸಿ ಕೀ ತಿರುಗಿಸಿದರೆ ಟಕ್ ಟಕ್ ಸದ್ದು ಮಾತ್ರ. ಹೀಗೆ ನಾಲ್ಕಾರು ಸಲ ಬರಿದಾದರೆ ಬ್ಯಾಟರಿಯ ಆಯುಸ್ಸೇ ಮುಗಿಯುತ್ತದೆ. ಎಂಜಿನ್ ಓಡಿಸಿಕೊಂಡೇ ಮಾಡುತ್ತೇವೆ ಅನ್ನುವಿರಾ? ಕಾರು ನಿಂತು ಎಂಜಿನ್ ಮಾತ್ರ ಓಡುವಾಗ (ಐಡಲ್), ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ತನ್ನ ಪೂರ್ಣ ಸಾಮರ್ಥ್ಯ ಕೊಡುವುದಿಲ್ಲ, ಅರ್ಧದಷ್ಟು ಕೊಟ್ಟರೆ ಹೆಚ್ಚು. ಅದರಲ್ಲೇ ಇಂಧನ ಪಂಪ್, ರೇಡಿಯೇಟರ್ ಫ್ಯಾನ್, ಎಸಿ ಬ್ಲೋವರ್ ನಡೆಯಬೇಕು. ಅನ್ನಕ್ಕೆ 5 ಕೆಜಿ ಸಿಲಿಂಡರ್ ಮತ್ತು ಒಂಟಿ ಬರ್ನರ್ ಒಯ್ಯಿರಿ, ಕಾರಿನಿಂದ ದೂರ ಬಯಲಿನಲ್ಲಿ ಹಚ್ಚಿ.

ಪ್ರಶ್ನೆ: ಮಿಕ್ಸಿ, ಎಲೆಕ್ಟ್ರಿಕ್ ಕೆಟಲ್, ಹೇರ್ ಡ್ರೈಯರ್, ಇಸ್ತ್ರಿಪೆಟ್ಟಿಗೆ? (ಹಲವರು)

ಬೇಡ. ಮೇಲಿನ ಸೊನ್ನೆ ಲೆಕ್ಕ ನೀವೇ ಹಾಕಿ.

ಪ್ರಶ್ನೆ: ಪ್ಯೂರ್ ಸೈನ್ ವೇವ್ (ಮನೆ ಕರೆಂಟಿನಂತೆ ನುಣುಪಾದ ಅಲೆ ಕೊಡುವ) ಇನ್ವರ್ಟರ್‌ಗೆ ದುಪ್ಪಟ್ಟು ಹಣ ಏಕೆ ಕೊಡಬೇಕು? (ಮೈಸೂರು)

ಮೊಬೈಲ್, ಲ್ಯಾಪ್‌ಟಾಪ್ ಚಾರ್ಜರ್‌ಗಳಿಗಷ್ಟೇ ಆದರೆ ಬೇಕಿಲ್ಲ. ಫ್ಯಾನ್‌ನಂಥ ಮೋಟಾರ್ ಇರುವ ಸಾಮಾನಿಗೆ ಬೇಕು, ಅಗ್ಗದ ಇನ್ವರ್ಟರ್ ಕೊಡುವ ಮೆಟ್ಟಿಲಿನಂಥ ‘ಮಾಡಿಫೈಡ್’ ಅಲೆಯಲ್ಲಿ ಅದು ಗುಂಯ್‌ಗುಡುತ್ತ ಬಿಸಿಯಾಗುತ್ತದೆ. ಡಬ್ಬಿಯ ಮೇಲಿನ ‘ಪೀಕ್’ (ಕ್ಷಣಮಾತ್ರ ಕೊಡಬಲ್ಲ ವ್ಯಾಟ್) ಅಂಕಿ ನಂಬಬೇಡಿ, ನಿರಂತರ ವ್ಯಾಟ್ ಎಷ್ಟೆಂದು ಕೇಳಿ. ಮಾಡಿಫೈಡ್ ಇನ್ವರ್ಟರ್‌ಗೆ ಸಾದಾ ಮಲ್ಟಿಮೀಟರ್ ಹಿಡಿದು 180 ತೋರಿಸಿತೆಂದು ಗಾಬರಿ ಬೇಡ, ಆ ಅಲೆ ಅಳೆಯಲು ಟ್ರೂ ಆರ್‌ಎಂಎಸ್ ಮೀಟರ್ (ಯಾವ ಆಕಾರದ ಅಲೆಯನ್ನೂ ಸರಿಯಾಗಿ ಅಳೆಯುವಂಥದು) ಬೇಕು. ನಿಜ ಹೇಳಬೇಕೆಂದರೆ, ಟೈಪ್‌–ಸಿ ಚಾರ್ಜಿಂಗ್ ಇರುವ ಲ್ಯಾಪ್‌ಟಾಪ್‌ಗೆ ಇನ್ವರ್ಟರೇ ಬೇಡ. 65 ವ್ಯಾಟ್‌ನ, ಪಿಡಿ (ಟೈಪ್‌–ಸಿಯ ವೇಗದ ಚಾರ್ಜಿಂಗ್) ಇರುವ ಕಾರ್ ಚಾರ್ಜರ್ ಸಾಕು.

ಪ್ರಶ್ನೆ: ಅಪ್ಪನಿಗೆ ರಾತ್ರಿ ಸಿಪ್ಯಾಪ್ ಯಂತ್ರ (ನಿದ್ದೆಯಲ್ಲಿ ಉಸಿರಾಟ ನಿಲ್ಲದಂತೆ ಗಾಳಿ ಒತ್ತುವ ಯಂತ್ರ) ಬೇಕು. ಪ್ರಯಾಣದಲ್ಲಿ ಇನ್ವರ್ಟರ್ ಸಾಕೇ? (ಶಿವಮೊಗ್ಗ)

ಮೊದಲು ಯಂತ್ರದ ಕಂಪನಿಯವರದೇ 12 ವೋಲ್ಟ್ ಡಿಸಿ ಅಡಾಪ್ಟರ್ ಸಿಗುತ್ತದೆಯೇ ಕೇಳಿ. ಸಿಗದಿದ್ದರೆ ಮಾತ್ರ ಪ್ಯೂರ್ ಸೈನ್ ಇನ್ವರ್ಟರ್. ಎರಡರಲ್ಲಿ ಯಾವುದನ್ನು ಬಳಸಿದರೂ ಕಾರಿನ ಬ್ಯಾಟರಿ ನೆಚ್ಚಬೇಡಿ, ಬೇರೆ ಡೀಪ್ ಸೈಕಲ್ (ಮತ್ತೆ ಮತ್ತೆ ಬರಿದಾದರೂ ತಡೆಯುವ) ಬ್ಯಾಟರಿ ಒಯ್ಯಿರಿ. ಬ್ಯಾಟರಿ ಉಳಿಸಲು, ಗಾಳಿಗೆ ತೇವ ಕೊಡುವ ಹ್ಯೂಮಿಡಿಫೈಯರ್‌ನ ಹೀಟರ್ ಆರಿಸಬಹುದೇ ಎಂದು ವೈದ್ಯರನ್ನೇ ಕೇಳಿ.

ಪ್ರಶ್ನೆ: ಇನ್ವರ್ಟರ್ ಆನ್ ಇದ್ದರೂ ಏನೂ ಹಾಕಿಲ್ಲವಲ್ಲ, ಬ್ಯಾಟರಿ ಏಕೆ ಇಳಿಯಿತು? (ಬೆಂಗಳೂರು)

ಖಾಲಿ ಇದ್ದರೂ ಅರ್ಧ ಆಂಪಿಯರ್ ಆಸುಪಾಸು ಎಳೆಯುತ್ತದೆ. ವಿಮಾನ ನಿಲ್ದಾಣದ ಪಾರ್ಕಿಂಗ್‌ನಲ್ಲಿ ನಾಲ್ಕು ದಿನ ಬಿಟ್ಟರೆ 48 ಎಎಚ್. ಆರಿಸಿ ಹೋಗಿ. ಎಂಜಿನ್ ಸ್ಟಾರ್ಟ್ ಮಾಡುವಾಗಲೂ ಆರಿಸಿರಿ.

ಪ್ರಶ್ನೆ: ಸಾಕೆಟ್‌ಗೆ ಸಿಕ್ಕಿಸುವ ‘ಪೆಟ್ರೋಲ್ ಉಳಿಸುವ’ ಪ್ಲಗ್? (ದಾವಣಗೆರೆ)

ಒಳಗಿರುವುದು ಎಲ್‌ಇಡಿ ಮತ್ತು ಕೆಪಾಸಿಟರ್. ಮೋಸ.

ಪ್ರಶ್ನೆ: ಮಳೆಗಾಲದಲ್ಲಿ ಕರೆಂಟ್ ಹೋದಾಗ ಗ್ಯಾರೇಜಿನಲ್ಲಿ ಕಾರು ಸ್ಟಾರ್ಟ್ ಮಾಡಿಟ್ಟು, ಎರಡೂ ಕಡೆ ಪ್ಲಗ್ ಇರುವ ವೈರಿನಿಂದ ಮನೆಯ ಬೋರ್ಡ್‌ಗೆ ಕೊಡಬಹುದೇ? (ಮಡಿಕೇರಿ)

ಆ ವೈರನ್ನು ಇವತ್ತೇ ಕತ್ತರಿಸಿ ಹಾಕಿ. ಅದರ ಇನ್ನೊಂದು ತುದಿಯ ಪಿನ್ನುಗಳಲ್ಲಿ 230 ವೋಲ್ಟ್ ಬಯಲಾಗಿ ನಿಂತಿರುತ್ತದೆ, ಮಕ್ಕಳ ಕೈಗೆ ಎಟುಕಿದರೆ ಗತಿಯೇನು? ಮೇನ್ ಆರಿಸಲು ಮರೆತರೆ ಕಂಬದ ಮೇಲಿನ ಲೈನ್‌ಮನ್ ಜೀವಕ್ಕೂ ಅಪಾಯ, ಕರೆಂಟ್ ಮರಳಿದಾಗ ಇನ್ವರ್ಟರ್ ಸುಡುವುದು ಬೇರೆ. ಎರಡು ಬಲ್ಬು, ಒಂದು ರೌಟರ್ ಬೇಕಿದ್ದರೆ ಇನ್ವರ್ಟರ್‌ನಿಂದ ನೇರ ಎಕ್ಸ್‌ಟೆನ್ಷನ್ ಬೋರ್ಡ್ ಎಳೆದು ಅದಕ್ಕೇ ಸಿಕ್ಕಿಸಿ. ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಓಡಿಸಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಶಟರ್ ಅರ್ಧ ಎತ್ತಿದರೆ ಸಾಲದು. ಕಾರನ್ನು ಪೂರ್ತಿ ಹೊರಗೆ, ಕಿಟಕಿ ಬಾಗಿಲುಗಳಿಂದ ದೂರ ನಿಲ್ಲಿಸಿ, ಆಮೇಲೆ ಸ್ಟಾರ್ಟ್ ಮಾಡಿ.