ಗಣಿ ಕೆಸರಿನ ಕಟ್ಟೆ: ಲೆಕ್ಕಕ್ಕೆ ಸಿಕ್ಕದ್ದೇನು?

ಪ್ರಶ್ನೆ: 2019ರಲ್ಲಿ ಬ್ರೆಜಿಲ್‌ನ ಬ್ರುಮಾಡಿನ್ಯೊದಲ್ಲಿ ಕಬ್ಬಿಣದ ಗಣಿಯ ಕೆಸರು ತುಂಬಿದ್ದ ಕಟ್ಟೆ ಒಡೆದು 270 ಜನ ಸತ್ತರೆಂದು ಓದಿದೆ. ಇಂಥ ಕಟ್ಟೆಗಳ ಭದ್ರತೆಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತಾರಲ್ಲವೇ? ಹಾಗಿದ್ದೂ ಅಪಾಯ ಮೊದಲೇ ತಿಳಿಯಲಿಲ್ಲವೇಕೆ?
– ಓದುಗರೊಬ್ಬರು, ಸಂಡೂರು

ಉತ್ತರ: ಲೆಕ್ಕ ಹಾಕಿದ್ದರು, ಬಂದ ಉತ್ತರವೂ ನೆಮ್ಮದಿ ತರುವಂಥದ್ದಾಗಿರಲಿಲ್ಲ. ಕೆಸರಿನೊಳಗಿನ ನೀರಿಗೆ ಹೊರಹೋಗಲು ಅವಕಾಶವಿಲ್ಲದ ಸ್ಥಿತಿಯಲ್ಲಿ ಕಟ್ಟೆಯ ಸುರಕ್ಷತಾ ಗುಣಾಂಕ 1.09 ಮಾತ್ರ ಎಂದು 2018ರ ಪರಿಶೀಲನೆ ತೋರಿಸಿತ್ತು. ಜಾರಿಸುವ ಬಲಕ್ಕಿಂತ ತಡೆಯುವ ಬಲ ಎಷ್ಟು ಪಟ್ಟು ಇದೆ ಎಂಬುದೇ ಈ ಗುಣಾಂಕ. ಅದು 1ಕ್ಕೆ ಇಳಿದರೆ ಇಳಿಜಾರು ನಿಲ್ಲದು. 1.3 ಆದರೂ ಇರಲಿ ಎಂದು ತಜ್ಞರು ಹೇಳುವಲ್ಲಿ 1.09ಕ್ಕೇ ಸ್ಥಿರತೆಯ ಪ್ರಮಾಣಪತ್ರ ಸಿಕ್ಕಿದ್ದಕ್ಕೆ ಗಣಿತವನ್ನು ದೂರುವಂತಿಲ್ಲ.

ಆದರೆ ಆ ಗಣಿತಕ್ಕೂ ಮಿತಿಯಿತ್ತು. ರೂಢಿಯ ವಿಧಾನವು ಜಾರುವ ಪದರವೊಂದನ್ನು ಊಹಿಸಿಕೊಂಡು, ಅದರ ಉದ್ದಕ್ಕೂ ಮಣ್ಣು ಏಕಕಾಲಕ್ಕೆ ತನ್ನ ಪೂರ್ಣ ಬಲವನ್ನು ಒಡ್ಡುತ್ತದೆಂದು ಭಾವಿಸುತ್ತದೆ. ಇಲ್ಲಿನ ಕೆಸರಿನ ಸ್ವಭಾವ ಬೇರೆ. ಸಡಿಲವಾಗಿ ಕೂತ, ನೀರು ತುಂಬಿದ ಕಣಗಳನ್ನು ಕಬ್ಬಿಣದ ಆಕ್ಸೈಡು ಬೆಸೆದಿದ್ದರಿಂದ ರಾಶಿ ಗಟ್ಟಿಯಾಗಿಯೇ ತೋರುತ್ತಿತ್ತು. ಆದರೆ ಅತ್ಯಲ್ಪ ಅಲುಗಾಟದಲ್ಲೇ ಆ ಬೆಸುಗೆ ಬಿಟ್ಟು, ಕಣಗಳು ಹೊತ್ತಿದ್ದ ಭಾರ ನೀರಿನ ಮೇಲೆ ಬಿದ್ದು, ಇಡೀ ರಾಶಿ ದ್ರವದಂತೆ ಹರಿಯತೊಡಗುತ್ತದೆ. ಒಂದು ಭಾಗ ಸೋತರೆ ಅದರ ಹೊರೆ ಪಕ್ಕದ ಭಾಗಕ್ಕೆ ಬೀಳುತ್ತದೆ, ಅದೂ ಸೋಲುತ್ತದೆ. ಜನವರಿ 25ರಂದು ಸುಮಾರು 86 ಮೀಟರ್ ಎತ್ತರದ ಇಳಿಜಾರು ಹತ್ತು ಸೆಕೆಂಡಿನೊಳಗೆ ಕುಸಿದದ್ದು ಕ್ಯಾಮೆರಾದಲ್ಲಿ ದಾಖಲಾಗಿದೆ.

ದುರಂತದ ಬಳಿಕ ನೇಮಕವಾದ ತಜ್ಞರ ತಂಡವು, 1976ರಿಂದ 2013ರವರೆಗೆ ಹಳೆಯ ಕೆಸರಿನ ಮೇಲೆಯೇ ಹೊಸ ಏರಿ ಹಾಕುತ್ತ ಎತ್ತರಿಸಿದ ಆ ಕಟ್ಟೆಯನ್ನು ಮೂರು ಆಯಾಮದ ಮಾದರಿಯಲ್ಲಿ ಹಂತಹಂತವಾಗಿ ಮರಳಿ ಕಟ್ಟಿ ನೋಡಿತು. ಹೊತ್ತ ಭಾರಕ್ಕೆ ಕೆಸರು ಒಳಗೊಳಗೇ ನಿಧಾನವಾಗಿ ಸರಿಯುತ್ತಿದ್ದುದಕ್ಕೆ ಮಳೆನೀರು ಇಂಗಿ ಮೇಲ್ಪದರದ ಹಿಡಿತ ಸಡಿಲವಾದದ್ದು ಸೇರಿ ಕುಸಿತ ಉಂಟಾಯಿತೆಂಬುದು ಅದರ ತೀರ್ಮಾನ. 2021ರಲ್ಲಿ ಬಾರ್ಸಿಲೋನಾದ ಸಂಶೋಧಕರು ತಮ್ಮದೇ ಮಾದರಿಯಿಂದ ಬೇರೆ ಕಾರಣ ಮುಂದಿಟ್ಟರು: ಅದೇ ಸಮಯದಲ್ಲಿ ಕಟ್ಟೆಯ ಮೇಲೆ ಆಳವಾದ ರಂಧ್ರ ಕೊರೆಯುತ್ತಿದ್ದ ಕೆಲಸ. ಕೆಸರು ದ್ರವೀಕರಣಗೊಂಡಿತೆಂಬುದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ.

ಹೀಗಾಗಿ ಮಾದರಿಯಿಂದ ಕುಸಿತದ ದಿನಾಂಕವನ್ನು ನಿರೀಕ್ಷಿಸುವುದು ಸರಿಯಲ್ಲ. ಪ್ರಚೋದನೆ ಎಲ್ಲಿಂದಾದರೂ ಬಂದೀತೆಂದು ಇಟ್ಟುಕೊಂಡು, ದ್ರವೀಕರಣದ ನಂತರ ಉಳಿಯುವ ಬಲದಲ್ಲೇ ಕಟ್ಟೆ ನಿಂತೀತೇ ಎಂದು ಪರೀಕ್ಷಿಸುವುದು ಹೆಚ್ಚು ಪ್ರಾಮಾಣಿಕ. ನಿಲ್ಲದೆಂದು ಕಂಡರೆ, ಬ್ರುಮಾಡಿನ್ಯೊದಲ್ಲಿದ್ದಂತೆ ಗಣಿಯ ಕಚೇರಿಯನ್ನೂ ಕ್ಯಾಂಟೀನನ್ನೂ ಕಟ್ಟೆಯ ಕೆಳಗೆ ಇಡುವ ಮಾತೇ ಬರಬಾರದು.